ಪ್ಲಾನ್ ಪಕ್ಕಾ ಇತ್ತು, ಕ್ಲೈಂಟೇ ಇರಲಿಲ್ಲ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಸ್ವತಃ ಕೋಚ್, ಅಂದರೆ ಕೆಲಸ, ಬದುಕಿನ ತೊಡಕುಗಳಿಗೆ ಜನ ತಾವೇ ದಾರಿ ಕಂಡುಕೊಳ್ಳಲು ಮಾತುಕತೆಯಲ್ಲಿ ನೆರವಾಗುವವರು. ನೌಕರಿ ಬಿಟ್ಟು, ತರಬೇತಿ ಮುಗಿಸಿ, ಸ್ವಂತವಾಗಿ ಶುರು ಮಾಡಿದ್ದರು. ಆದರೆ ಕ್ಲೈಂಟ್‌ಗಳು ಮೂರನೇ ಸೆಷನ್ ಹೊತ್ತಿಗೆ ಏನೋ ನೆಪ ಹೇಳಿ ಬಿಟ್ಟುಹೋಗುತ್ತಿದ್ದರು. "ಮೇಡಂ, ಈ ಕೆಲಸ ನನ್ನ ಕೈಲಿ ಆಗಲ್ಲ ಅನ್ಸುತ್ತೆ" ಅಂದರು. ನಿದ್ದೆಯೂ ಕೆಟ್ಟಿತ್ತು.

ಒಬ್ಬ ಕ್ಲೈಂಟ್‌ಗೆ ಮಾಡಿದ ಪ್ಲಾನ್ ತೋರಿಸಿ ಅಂದೆ. ಲ್ಯಾಪ್‌ಟಾಪ್ ತೆರೆದರು. ಬಣ್ಣಬಣ್ಣದ ಕೋಷ್ಟಕ, 12 ವಾರ, ವಾರಕ್ಕೊಂದು ಹೋಂವರ್ಕ್. ಮೊದಲ ಸಾಲು, "ಗುರಿ: ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು."

"ಇದು ಅವರೇ ಹೇಳಿದ್ದಾ?"

ನೋಟ್‌ಬುಕ್ ತಿರುವಿದರು. ಕ್ಲೈಂಟ್ ಹೇಳಿದ್ದು ಅಲ್ಲಿತ್ತು: "ಮೀಟಿಂಗಲ್ಲಿ ನನಗೆ ಗೊತ್ತಿರೋದನ್ನೇ ಬೇರೆಯವರು ಹೇಳಿಬಿಡ್ತಾರೆ. ನಾನು ಸುಮ್ನೆ ಕೂತಿರ್ತೀನಿ."

ಎರಡಕ್ಕೂ ಎಷ್ಟು ದೂರ, ಅಲ್ವಾ? ಮೊದಲನೆಯದು ಯಾರಿಗೆ ಬೇಕಾದರೂ ಹೊಂದುತ್ತದೆ. ಎರಡನೆಯದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಗುರಿಯ ಜಾಗದಲ್ಲಿ ಆ ಮಾತನ್ನೇ ಬರೆಯಿರಿ ಅಂದೆ.

ಕೋಚ್‌ಗಳಿಗೆಲ್ಲ ಗೊತ್ತಿರುವ 'ಗ್ರೋ' ಮಾದರಿಯಲ್ಲಿ ನಾಲ್ಕು ಹಂತ: ಗುರಿ, ಈಗಿನ ಸ್ಥಿತಿ, ದಾರಿಗಳು, ಮಾಡುವ ನಿರ್ಧಾರ. ಇವರು ಎರಡನೆಯದನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ನನ್ನ ಪ್ರಕಾರ ಜಾಸ್ತಿ ಹೊತ್ತು ಕೂರಬೇಕಾದ್ದೇ ಅಲ್ಲಿ. ಯಾವ ಮೀಟಿಂಗು? ಎದುರಿಗೆ ಯಾರಿದ್ದರು? ಯಾವತ್ತಾದರೂ ಬಾಯಿ ಬಿಟ್ಟು ಹೇಳಿದ್ದುಂಟಾ? ಉಂಟು ಅಂದರೆ, ಅವತ್ತು ಏನು ಬೇರೆ ಇತ್ತು?

ಚಿಕಿತ್ಸಕರಾದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಬೆಳೆಸಿದ, ಸಮಸ್ಯೆಗಿಂತ ಪರಿಹಾರದ ಕಡೆ ನೋಡುವ ಪದ್ಧತಿಯಲ್ಲಿ ಒಂದು ಸರಳ ಪ್ರಶ್ನೆ ಇದೆ: ಹತ್ತರಲ್ಲಿ ಈಗ ಎಷ್ಟರಲ್ಲಿದ್ದೀರಿ? ಕ್ಲೈಂಟ್ 3 ಅಂದರೆ, ಹತ್ತಕ್ಕೆ ಯಾಕೆ ಬಂದಿಲ್ಲ ಅಂತ ಕೇಳಬೇಡಿ. "ಒಂದಲ್ಲ, ಮೂರು ಅಂದಿರಲ್ಲ, ಯಾಕೆ?" ಅಂತ ಕೇಳಿ. ಕೈಲಿ ಈಗಾಗಲೇ ಇರುವುದು ಆಗ ಹೊರಗೆ ಬರುತ್ತದೆ. ಆಮೇಲೆ ನಾಲ್ಕಕ್ಕೆ ಬಂದರೆ ಏನು ಕಾಣಿಸುತ್ತದೆ ಅಂತ ಕೇಳಿ. ಮುಂದಿನ ವಾರದ ಕೆಲಸ ಅದರಿಂದಲೇ ಹುಟ್ಟಲಿ.

ಆ ಕೆಲಸವನ್ನು 'ಹೀಗಾದರೆ ಹೀಗೆ' ಅಂತ ಬರೆಸಿಕೊಳ್ಳಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಈ ಬಗೆಯ ಯೋಜನೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. "ಹೆಚ್ಚು ಮಾತಾಡುತ್ತೇನೆ" ಅನ್ನುವುದಕ್ಕಿಂತ "ಮ್ಯಾನೇಜರ್ 'ಇನ್ನೇನಾದರೂ ಇದೆಯಾ' ಅಂದ ಕೂಡಲೇ ನನ್ನ ಮೊದಲ ಪಾಯಿಂಟ್ ಹೇಳುತ್ತೇನೆ" ಅನ್ನುವುದು ನಡೆಯುತ್ತದೆ. ಪ್ಲಾನ್ ಎರಡು ವಾರದಷ್ಟೇ ಇರಲಿ. ಮುಂದಿನದ್ದು ಪೆನ್ಸಿಲ್‌ನಲ್ಲಿ.

ಇಷ್ಟು ಹೇಳುವಾಗ ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು. "ಹಾಗಾದರೆ ಸೆಷನ್‌ಗೆ ನಾನು ಬರಿಗೈಲಿ ಹೋಗೋದಾ?"

ವಿಷಯ ಇದ್ದದ್ದು ಇಲ್ಲೇ. ಆ ಚಾರ್ಟು ಕ್ಲೈಂಟ್‌ಗಿಂತ ಹೆಚ್ಚಾಗಿ ಅವರ ಸ್ವಂತ ಭಯಕ್ಕೆ ಆಸರೆಯಾಗಿತ್ತು. ಕ್ಲೈಂಟ್ ಹೋಂವರ್ಕ್ ಮಾಡದೆ ಬಂದರೆ ಇವರಿಗೆ ಗಾಬರಿ, ಗಾಬರಿಗೆ ಇನ್ನೊಂದು ಹೋಂವರ್ಕ್. ಮಾಡಿಲ್ಲ ಅಂದರೆ ಹೆಜ್ಜೆ ದೊಡ್ಡದಾಯಿತು ಅಂತ ತಿಳಿಯಿರಿ, ಚಿಕ್ಕದು ಮಾಡಿ ಅಂದೆ. ಅನುಭವಿ ಕೋಚ್ ಒಬ್ಬರ ಜೊತೆ ಆಗಾಗ ಕೂತು ಮಾತಾಡಿ, ಇದನ್ನೆಲ್ಲ ಒಬ್ಬರೇ ಹೊತ್ತುಕೊಳ್ಳಬೇಡಿ ಅಂತಲೂ ಹೇಳಿದೆ.

ಮುಂದಿನ ಸಲ ಒಂದೇ ಹಾಳೆ ತಂದಿದ್ದರು. ಮೇಲೆ ಕ್ಲೈಂಟ್‌ನ ಮಾತು, ಕೆಳಗೆ ಒಂದು 'ಹೀಗಾದರೆ ಹೀಗೆ', ಪರಿಶೀಲನೆಯ ತಾರೀಖು. ನಾನು ಸೇರಿಸಿದ್ದು ಒಂದೇ ಸಾಲು: ಕ್ಲೈಂಟ್‌ಗೆ ನಿದ್ದೆ, ಊಟ ಬಿಟ್ಟುಹೋಗುವಷ್ಟು ಬೇಸರ ಕಂಡರೆ ಕೋಚಿಂಗ್ ನಿಲ್ಲಿಸಿ, ಮನೋವೈದ್ಯರ ಹತ್ತಿರ ಕಳಿಸುವುದು.