ಮೊದಲ ಪ್ಯಾಚ್‌ಗೆ ರಾಶಿ ಕಾಮೆಂಟ್ ಬಂದಿದೆ, ಹೇಳಿದ್ದನ್ನೆಲ್ಲ ಒಪ್ಪಿಕೊಂಡು ತಿದ್ದಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಓಪನ್ ಸೋರ್ಸ್ ಪ್ರಾಜೆಕ್ಟ್ (ಕೋಡ್ ಎಲ್ಲರಿಗೂ ತೆರೆದಿರುವಂಥದ್ದು) ಒಂದಕ್ಕೆ ಮೊದಲ ಸಲ ಪ್ಯಾಚ್, ಅಂದರೆ ಕೋಡಿಗೆ ಮಾಡಿದ ಬದಲಾವಣೆ, ಕಳಿಸಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆದರೂ ಮೇಂಟೇನರ್ (ಆ ಪ್ರಾಜೆಕ್ಟನ್ನು ನೋಡಿಕೊಳ್ಳುವವರು) ಹೆಚ್ಚುಕಡಿಮೆ ಪ್ರತಿ ಸಾಲಿಗೂ ಏನಾದರೊಂದು ಬರೆದಿದ್ದಾರೆ, ಎರಡು ಪ್ಯಾಚ್ ಆಗಿ ಒಡೆಯಿರಿ ಅಂದಿದ್ದಾರೆ. ಒಂದು ಕಡೆ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿರುವ ವೇರಿಯಬಲ್) ನಲ್, ಅಂದರೆ ಖಾಲಿ, ಆಗಿದ್ದರೆ ಏನು ಗತಿ ಎಂದು ಕೇಳಿದ್ದಾರೆ, ಅದು ನಲ್ ಆಗಲು ಸಾಧ್ಯವೇ ಇಲ್ಲ ಅನ್ನುವುದು ನಿಮಗೆ ಖಾತ್ರಿ. ಎಲ್ಲವನ್ನೂ ಒಪ್ಪಬೇಕೇ, ವಾದ ಮಾಡಿದರೆ ಬೇಸರಪಟ್ಟುಕೊಳ್ಳುತ್ತಾರೆಯೇ, ಮತ್ತೆ ಕಳಿಸುವಾಗ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಒಂದೊಂದು ಕಾಮೆಂಟಿಗೂ ಉತ್ತರ ಕೊಡಲೇಬೇಕು, ಮತ್ತು ಆ ಉತ್ತರ ಆದಷ್ಟೂ ಪ್ಯಾಚ್‌ನ ಒಳಗೇ ಇರಬೇಕು. ನಾನು ಪ್ಯಾಚ್ ಕಳಿಸುವವನೂ ಹೌದು, ಸಿ ಭಾಷೆಯ ಒಂದು ಸಣ್ಣ ಲೈಬ್ರರಿಗೆ ಬರುವ ಪ್ಯಾಚ್‌ಗಳನ್ನು ಓದುವವನೂ ಹೌದು. ಎರಡೂ ಕಡೆ ಕೂತು ನೋಡಿದ ಮೇಲೆ ಇದರಷ್ಟು ಮುಖ್ಯವಾದದ್ದು ಬೇರೆ ಇಲ್ಲ ಅನ್ನಿಸಿದೆ.

ಕಾಮೆಂಟ್‌ಗಳ ಸಂಖ್ಯೆ ನೋಡಿ ಎದೆಗುಂದಬೇಡಿ. ಅಷ್ಟು ಬರೆದಿದ್ದಾರೆ ಅಂದರೆ ಯಾರೋ ತಮ್ಮ ಸಮಯ ಕೊಟ್ಟು ನಿಮ್ಮ ಕೋಡನ್ನು ನಿಜವಾಗಿ ಓದಿದ್ದಾರೆ. ಬೇಡವಾದ ಪ್ಯಾಚ್‌ಗೆ ಸಾಮಾನ್ಯವಾಗಿ ಸಿಗುವುದು ಮೌನ, ಇಲ್ಲವೇ ಒಂದು ಸಾಲಿನ ನಿರಾಕರಣೆ. ಇನ್ನೊಂದು ಮಾತೂ ಇದೆ. ಪ್ಯಾಚ್ ಸೇರಿದ ಮೇಲೆ ನೀವು ಬೇರೆ ಕೆಲಸಕ್ಕೆ ಹೋಗಬಹುದು, ಆ ಕೋಡನ್ನು ವರ್ಷಗಟ್ಟಲೆ ಸಾಕಬೇಕಾದವರು ಮೇಂಟೇನರ್. ನೀವು ನೋಡುತ್ತಿರುವುದು ಇವತ್ತು ಓಡುತ್ತದೆಯೇ ಎಂದು. ಅವರು ನೋಡುತ್ತಿರುವುದು ಮುಂದೊಂದು ದಿನ ನೀವಿಲ್ಲದಾಗ ಇದನ್ನು ತೆರೆದರೆ ತಲೆಬುಡ ಅರ್ಥವಾಗುತ್ತದೆಯೇ ಎಂದು. ಅರ್ಧಕ್ಕರ್ಧ ಕಾಮೆಂಟ್‌ಗಳು ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಮೊದಲು ಎಲ್ಲವನ್ನೂ ಒಮ್ಮೆ ಓದಿ, ಯಾವುದಕ್ಕೂ ಕೈ ಹಾಕಬೇಡಿ. ವಿಧಾನವೇ ಸರಿಯಿಲ್ಲ, ಈ ಕೆಲಸ ಈ ಫೈಲಿನಲ್ಲಿ ಆಗಬಾರದು ಎನ್ನುವಂಥ ಮಾತು ಎಲ್ಲಾದರೂ ಇದ್ದರೆ ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ. ಅದು ತೀರ್ಮಾನವಾಗದೆ ವೇರಿಯಬಲ್ ಹೆಸರು, ಸ್ಪೇಸು, ಟ್ಯಾಬು ಸರಿಮಾಡುತ್ತಾ ಕೂತರೆ, ನಾಳೆ ಆ ಫಂಕ್ಷನ್ನೇ ಹಾರಿಹೋದಾಗ ಮಾಡಿದ್ದೆಲ್ಲ ದಂಡ. 'ನಿಟ್' ಎಂದು ಶುರುವಾಗುವ ಕಾಮೆಂಟ್‌ಗಳು ಸಣ್ಣಪುಟ್ಟವು, ಅವುಗಳಿಗೆ ವಾದ ಬೇಡ, ಸುಮ್ಮನೆ ಮಾಡಿಬಿಡಿ. ಹೆಸರು, ಅಂದಚಂದದ ವಿಷಯದಲ್ಲಿ ಆ ಪ್ರಾಜೆಕ್ಟಿನ ರೂಢಿಯೇ ಅಂತಿಮ. ನಿಮ್ಮ ರುಚಿ ಅಲ್ಲಿ ಲೆಕ್ಕಕ್ಕಿಲ್ಲ, ನನ್ನದೂ ಇಲ್ಲ.

ಕೋಡಿನ ಸರಿತಪ್ಪಿನ ಬಗ್ಗೆ ಬರುವ ಕಾಮೆಂಟ್‌ಗಳ ಕಥೆ ಬೇರೆ. ಒಂದನ್ನು ಹತ್ತಿರದಿಂದ ನೋಡೋಣ. ಒಂದು ಬಫರ್ ಇದೆ, ಅಂದರೆ ಫೈಲಿನಿಂದ ಓದಿದ ಡೇಟಾ ಇಟ್ಟಿರುವ ಮೆಮೊರಿಯ ಜಾಗ, ಅದರ ಗಾತ್ರ 'ಸೈಜ್'. ಅದರ ಮೊದಲ 4 ಬೈಟ್‌ನಲ್ಲಿ ಮುಂದಿನ ಡೇಟಾ ಎಷ್ಟು ಉದ್ದ ಎಂದು ಬರೆದಿರುತ್ತದೆ, ಅದು 'ಲೆನ್', 32 ಬಿಟ್‌ನ ಅನ್‌ಸೈನ್ಡ್ (ಋಣವಾಗಲಾರದ) ಸಂಖ್ಯೆ. ಮೊದಲ ಆವೃತ್ತಿಯಲ್ಲಿ ಲೆನ್ ಓದಿಕೊಂಡು ಅಷ್ಟು ಬೈಟ್ ಕಾಪಿ ಮಾಡುವ ಕೋಡ್ ಬಂತು. ರಿವ್ಯೂವರ್ ಕೇಳಿದರು: ಫೈಲಿನಲ್ಲಿ ಬರೆದಿರುವ ಉದ್ದ ಸುಳ್ಳಾಗಿದ್ದರೆ? ಬರೆದವರು ಎರಡನೇ ಆವೃತ್ತಿಯಲ್ಲಿ ಒಂದು ತಪಾಸಣೆ ಸೇರಿಸಿದರು: 'ಲೆನ್ + 4 > ಸೈಜ್' ಆದರೆ ಎರರ್. ನೋಡಲು ಸರಿಯಾಗಿಯೇ ಇದೆ. ಆದರೆ ಲೆನ್ 4294967295, ಅಂದರೆ 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ, ಆಗಿದ್ದರೆ ಅದಕ್ಕೆ 4 ಕೂಡಿಸಿದಾಗ 32 ಬಿಟ್ ತುಂಬಿ ಸುತ್ತಿಬಂದು 3 ಆಗುತ್ತದೆ. ಮೂರು ಸೈಜ್‌ಗಿಂತ ದೊಡ್ಡದಲ್ಲ, ತಪಾಸಣೆ ಪಾಸ್. ನಾಲ್ಕು ಜಿಬಿ ಕಾಪಿ ಮಾಡಲು ಹೊರಡುತ್ತದೆ ಪ್ರೋಗ್ರಾಮ್.

ಸರಿ, ಕೂಡುವ ಬದಲು ಕಳೆಯಿರಿ, 'ಲೆನ್ > ಸೈಜ್ - 4' ಎಂದು ಬರೆಯಿರಿ ಅಂದರು ರಿವ್ಯೂವರ್. ಅದೂ ಪೂರ್ತಿ ಸರಿಯಲ್ಲ. ಸೈಜ್ ಕೂಡ ಅನ್‌ಸೈನ್ಡ್, ಅದು 2 ಆಗಿದ್ದರೆ ಕಳೆದಾಗ ಋಣಸಂಖ್ಯೆ ಆಗುವ ಬದಲು ಭಾರೀ ದೊಡ್ಡ ಸಂಖ್ಯೆ ಆಗಿಬಿಡುತ್ತದೆ. ಅಷ್ಟೇ ಅಲ್ಲ, ಬಫರ್‌ನಲ್ಲಿ 4 ಬೈಟ್ ಇಲ್ಲದಿದ್ದರೆ ಲೆನ್ ಅನ್ನು ಓದುವುದೇ ಗಡಿ ದಾಟಿದಂತೆ. ಆದ್ದರಿಂದ ಕ್ರಮ ಹೀಗಿರಬೇಕು: ಸೈಜ್ 4ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಎರರ್; ಆಮೇಲೆ ಲೆನ್ ಓದು; ಆಮೇಲೆ 'ಲೆನ್ > ಸೈಜ್ - 4' ನೋಡು. ಇದನ್ನು ಕಂಡುಹಿಡಿದವರು ಪ್ಯಾಚ್ ಬರೆದವರೇ. ರಿವ್ಯೂವರ್ ಹೇಳಿದ ಸಾಲನ್ನು ಹಾಗೇ ಅಂಟಿಸದೆ, ಅವರು ಯಾಕೆ ಹಾಗೆ ಹೇಳಿದರು ಎಂದು ಯೋಚಿಸಿದ್ದರಿಂದ ಸಿಕ್ಕಿತು. ಮೂರನೇ ಆವೃತ್ತಿಯ ಜೊತೆಗೆ ಸೊನ್ನೆ ಬೈಟ್, 3 ಬೈಟ್, ಮತ್ತು ಲೆನ್ ಗರಿಷ್ಠವಾಗಿರುವ ಇನ್‌ಪುಟ್, ಹೀಗೆ ಮೂರು ಟೆಸ್ಟ್ ಬಂದವು. ಯಾವ ಕಾಮೆಂಟ್ ಬಗ್ ತೋರಿಸುತ್ತದೋ ಅದಕ್ಕೆ ತಿದ್ದುಪಡಿಯೊಂದೇ ಸಾಲದು, ಆ ಬಗ್ ಮತ್ತೆ ಬಂದರೆ ಕೂಗಿ ಹೇಳುವ ಟೆಸ್ಟ್ ಕೂಡ ಬೇಕು.

ಇಷ್ಟು ಸಣ್ಣ ಸಾಲಿಗೆ ಇಷ್ಟು ರಗಳೆ ಯಾಕೆ ಅನ್ನಿಸಿದರೆ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷವನ್ನು ನೆನಪಿಸಿಕೊಳ್ಳಿ. ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ 2012ರಲ್ಲಿ ಬಂದ 1.0.1 ಆವೃತ್ತಿಯಲ್ಲಿ ಸೇರಿಕೊಂಡಿದ್ದ ಆ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಎದುರಿನವರು ಕಳಿಸಿದ ಉದ್ದವನ್ನು ನಂಬಿ, ನಿಜವಾಗಿ ಬಂದದ್ದು ಎಷ್ಟು ಎಂದು ನೋಡದೆ ಮೆಮೊರಿ ಕಾಪಿ ಮಾಡುತ್ತಿದ್ದರು. ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಸರ್ವರಿನ ಮೆಮೊರಿ ಹೊರಗೆ ಸೋರುತ್ತಿತ್ತು, ಪಾಸ್‌ವರ್ಡ್, ಖಾಸಗಿ ಕೀ ಎಲ್ಲ ಅದರಲ್ಲಿರಬಹುದಿತ್ತು. ಆ ಪ್ಯಾಚ್ ಕೂಡ ರಿವ್ಯೂ ಆಗಿಯೇ ಒಳಗೆ ಬಂದಿತ್ತು. ಅದಕ್ಕೇ ಹೇಳುವುದು, ರಿವ್ಯೂವರ್ ಒಪ್ಪಿದರು ಅಂದಮಾತ್ರಕ್ಕೆ ನಿಮ್ಮ ಜವಾಬ್ದಾರಿ ಮುಗಿಯುವುದಿಲ್ಲ.

ಈಗ ನಿಮ್ಮ ನಲ್ ಪಾಯಿಂಟರ್ ವಿಷಯಕ್ಕೆ ಬರುತ್ತೇನೆ. ಕರೆಯುವ ಫಂಕ್ಷನ್ ಮೊದಲೇ ತಪಾಸಣೆ ಮಾಡಿದೆ, ಆದ್ದರಿಂದ ಇಲ್ಲಿ ನಲ್ ಬರುವುದಿಲ್ಲ ಅನ್ನುತ್ತೀರಿ. ನೀವೇ ಸರಿ ಇರಬಹುದು. ಹಾಗಿದ್ದರೂ 'ಬರುವುದಿಲ್ಲ' ಎಂದಷ್ಟೇ ಉತ್ತರ ಬರೆದು ಮುಂದೆ ಹೋಗಬೇಡಿ. ಕೋಡನ್ನು ಚೆನ್ನಾಗಿ ಬಲ್ಲವರೇ ಅಲ್ಲಿ ಎಡವಿದ್ದಾರೆ ಅಂದರೆ ಮುಂದೆ ಓದುವವರೂ ಎಡವುತ್ತಾರೆ. ನಿಮ್ಮ ಉತ್ತರ ಮಾತುಕತೆಯಲ್ಲಿ ಹೂತುಹೋಗುತ್ತದೆ, ಅವರಿಗೆ ಕಾಣುವುದು ಕೋಡ್ ಮಾತ್ರ. ಹಾಗಾಗಿ ಅಲ್ಲೇ ಒಂದು ಸಾಲಿನ ಟಿಪ್ಪಣಿ ಹಾಕಿ, ಅಥವಾ ಅಸರ್ಟ್ (ನಂಬಿಕೆ ಸುಳ್ಳಾದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಸಾಲು) ಹಾಕಿ, ಇಲ್ಲವೇ ಕಮಿಟ್ ಮೆಸೇಜಿನಲ್ಲಿ, ಅಂದರೆ ಬದಲಾವಣೆಯ ಜೊತೆ ಇತಿಹಾಸದಲ್ಲಿ ಉಳಿಯುವ ವಿವರಣೆಯಲ್ಲಿ, ಕಾರಣ ಬರೆಯಿರಿ. ಕೋಡ್ ಬದಲಾವಣೆಗೆ ಕಾರಣವಾಗದ ಪ್ರತಿ ರಿವ್ಯೂ ಕಾಮೆಂಟ್ ಕೊನೆಗೆ ಕೋಡಿನಲ್ಲಿ ಒಂದು ಟಿಪ್ಪಣಿಯಾಗಿಯಾದರೂ ಉಳಿಯಬೇಕು ಎಂದು ಕರ್ನಲ್ ಡೆವಲಪರ್ ಆಂಡ್ರ್ಯೂ ಮಾರ್ಟನ್ ಕೊಟ್ಟ ಸಲಹೆಯನ್ನು ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ದಾಖಲೆಗಳಲ್ಲೇ ಬರೆದಿಟ್ಟಿದ್ದಾರೆ. ನನ್ನ ಮಟ್ಟಿಗೆ ರಿವ್ಯೂ ಬಗ್ಗೆ ಸಿಗುವ ಸಲಹೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದಿಲ್ಲ. ಹೀಗೆ ಮಾಡಿದಾಗ ಯಾರು ಗೆದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ವಾದ ಮಾಡಿದರೆ ಬೇಸರಪಟ್ಟುಕೊಳ್ಳುವುದಿಲ್ಲ, ಆಧಾರ ಇಟ್ಟುಕೊಂಡು ಮಾಡಿದರೆ. 'ನನಗೆ ಹೀಗೇ ಚೆನ್ನಾಗಿ ಕಾಣುತ್ತದೆ' ಎನ್ನುವುದು ಆಧಾರವಲ್ಲ. 'ನೀವು ಹೇಳಿದಂತೆ ಮಾಡಿ ನೋಡಿದೆ, ಈ ಟೆಸ್ಟ್ ಫೇಲ್ ಆಗುತ್ತದೆ, ಔಟ್‌ಪುಟ್ ಇಲ್ಲಿದೆ' ಎನ್ನುವುದು ಆಧಾರ. ಇಂಥ ಉತ್ತರ ಬಂದರೆ ನನಗಂತೂ ಖುಷಿ. ಬೇಸರ ಬರುವುದು ಕೇಳಿದ ಪ್ರಶ್ನೆಗೆ ಉತ್ತರವಿಲ್ಲದೆ, ತಿದ್ದುಪಡಿಯೂ ಇಲ್ಲದೆ, ಹೊಸ ಆವೃತ್ತಿ ಬಂದಾಗ. ಅದೇ ಕಾಮೆಂಟನ್ನು ಮತ್ತೆ ಬರೆಯಬೇಕಾಗಿ ಬಂದ ರಿವ್ಯೂವರ್ ಮೂರನೇ ಸಲ ಓದಲು ಹುಮ್ಮಸ್ಸು ಉಳಿಸಿಕೊಂಡಿರುವುದಿಲ್ಲ.

ಒಡೆಯಿರಿ ಎಂದದ್ದಕ್ಕೆ ಬಲವಾದ ಕಾರಣವಿದೆ. ನಿಮ್ಮ ಪ್ಯಾಚ್ ಫಂಕ್ಷನ್‌ಗಳ ಹೆಸರನ್ನೂ ಬದಲಿಸುತ್ತದೆ, ಬಗ್ಗನ್ನೂ ಸರಿಮಾಡುತ್ತದೆ ಅಂದಿದ್ದೀರಿ. ಹೆಸರು ಬದಲಾದ ನೂರು ಸಾಲಿನ ನಡುವೆ ಬಗ್ ಸರಿಮಾಡಿದ ಎರಡು ಸಾಲು ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ, ಏನೋ ಕೆಟ್ಟಾಗ ಯಾವ ಕಮಿಟ್‌ನಿಂದ (ಇತಿಹಾಸದಲ್ಲಿ ದಾಖಲಾದ ಒಂದೊಂದು ಬದಲಾವಣೆ) ಕೆಟ್ಟಿತು ಎಂದು ಹುಡುಕಲು, ಕೋಡಿನ ಇತಿಹಾಸ ಇಟ್ಟುಕೊಳ್ಳುವ ಗಿಟ್ ಎಂಬ ಸಾಧನದ 'ಗಿಟ್ ಬೈಸೆಕ್ಟ್' ಓಡಿಸುತ್ತಾರೆ. ಅದು ಪ್ರತಿ ಹೆಜ್ಜೆಯಲ್ಲೂ ಅರ್ಧ ಭಾಗವನ್ನು ಬಿಟ್ಟುಬಿಡುತ್ತಾ ಹೋಗುವುದರಿಂದ ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಹೆಜ್ಜೆಯಲ್ಲಿ ಸಿಗುತ್ತದೆ. ಸಿಕ್ಕ ಕಮಿಟ್ ಒಂದೇ ಕೆಲಸ ಮಾಡಿದ್ದರೆ ಕಾರಣ ಎದುರಿಗೇ ಇರುತ್ತದೆ, ನಾಲ್ಕು ಕೆಲಸ ಮಾಡಿದ್ದರೆ ಹುಡುಕಾಟ ಅಲ್ಲಿಂದ ಮತ್ತೆ ಶುರು. ಆದ್ದರಿಂದ ಸರಣಿಯ ಪ್ರತಿಯೊಂದು ಪ್ಯಾಚ್ ಹಂತದಲ್ಲೂ ಕೋಡ್ ಕಂಪೈಲ್ ಆಗಬೇಕು, ಟೆಸ್ಟ್ ಪಾಸಾಗಬೇಕು. ಕೊನೆಯದರಲ್ಲಿ ಎಲ್ಲ ಸರಿಹೋಗುತ್ತದೆ ಎನ್ನುವ ಸರಣಿ ಬೈಸೆಕ್ಟ್ ಮಾಡುವವರ ಕೈ ಕಟ್ಟಿಹಾಕುತ್ತದೆ.

ತಿದ್ದುವ ವಿಧಾನ ಗೊತ್ತಿದ್ದರೆ ಕೆಲಸ ಹಗುರ. 'ರಿವ್ಯೂ ಕಾಮೆಂಟ್ ಸರಿಮಾಡಿದೆ' ಎಂಬ ಹೆಸರಿನ ಕಮಿಟ್‌ಗಳನ್ನು ಕೊನೆಗೆ ಪೇರಿಸುತ್ತಾ ಹೋಗಬೇಡಿ, ಇತಿಹಾಸದಲ್ಲಿ ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ಯಾವ ಕಮಿಟ್‌ನಲ್ಲಿ ದೋಷವಿತ್ತೋ ಅದರೊಳಕ್ಕೇ ತಿದ್ದುಪಡಿ ಹೋಗಬೇಕು. 'ಗಿಟ್ ಕಮಿಟ್' ಜೊತೆ 'ಫಿಕ್ಸಪ್' ಆಯ್ಕೆ ಕೊಟ್ಟು ತಿದ್ದುಪಡಿ ಯಾವ ಕಮಿಟ್‌ಗೆ ಸೇರಿದ್ದು ಎಂದು ಗುರುತು ಹಾಕಿ, ಆಮೇಲೆ ಕಮಿಟ್‌ಗಳನ್ನು ಹೊಸದಾಗಿ ಜೋಡಿಸುವ 'ಗಿಟ್ ರೀಬೇಸ್' ಅನ್ನು 'ಆಟೋಸ್ಕ್ವಾಶ್' ಆಯ್ಕೆಯೊಂದಿಗೆ ಓಡಿಸಿದರೆ ಅವು ತಾವಾಗಿ ತಮ್ಮ ತಮ್ಮ ಜಾಗಕ್ಕೆ ಸೇರಿಕೊಳ್ಳುತ್ತವೆ. ಪುಲ್ ರಿಕ್ವೆಸ್ಟ್ (ವೆಬ್‌ಸೈಟಿನ ಮೂಲಕ ಬದಲಾವಣೆ ಸೇರಿಸಿಕೊಳ್ಳಲು ಕೋರುವ ವಿಧಾನ) ಬಳಸುವ ಕೆಲವು ಪ್ರಾಜೆಕ್ಟ್‌ಗಳು ಮರ್ಜ್ ಮಾಡುವಾಗ, ಅಂದರೆ ಸೇರಿಸಿಕೊಳ್ಳುವಾಗ, ತಾವೇ ಎಲ್ಲವನ್ನೂ ಒಂದು ಕಮಿಟ್ ಮಾಡಿಕೊಳ್ಳುತ್ತವೆ, ಅಂಥ ಕಡೆ ರಿವ್ಯೂ ನಡೆಯುವಾಗ ಫೋರ್ಸ್ ಪುಶ್ (ಮೊದಲು ಕಳಿಸಿದ ಕಮಿಟ್‌ಗಳ ಜಾಗದಲ್ಲಿ ತಿದ್ದಿದವನ್ನು ಇಡುವುದು) ಬೇಡ ಅನ್ನಬಹುದು. ಆ ಪ್ರಾಜೆಕ್ಟಿನ ನಿಯಮಗಳಿರುವ ಕಾಂಟ್ರಿಬ್ಯೂಟಿಂಗ್ ಫೈಲ್ ನೋಡಿಕೊಳ್ಳಿ.

ಮತ್ತೆ ಕಳಿಸುವ ಮುಂಚೆ 'ಗಿಟ್ ರೇಂಜ್-ಡಿಫ್' ಓಡಿಸಿ. 2018ರಲ್ಲಿ ಗಿಟ್ 2.19ರ ಜೊತೆ ಬಂದ ಈ ಸೌಲಭ್ಯ ಹಳೆಯ ಸರಣಿಗೂ ಹೊಸ ಸರಣಿಗೂ ನಡುವೆ ಏನು ಬದಲಾಗಿದೆ ಎಂದು ಪ್ಯಾಚ್‌ಗೆ ಪ್ಯಾಚ್ ಹೊಂದಿಸಿ ತೋರಿಸುತ್ತದೆ. ಪ್ರತಿ ಕಾಮೆಂಟನ್ನೂ ಅದರ ಪಕ್ಕ ಇಟ್ಟುಕೊಂಡು ನೋಡಿದರೆ ಬಿಟ್ಟುಹೋದದ್ದು ತಕ್ಷಣ ಗೊತ್ತಾಗುತ್ತದೆ. ಕೇಳದೇ ಇದ್ದ ಬದಲಾವಣೆ ನುಸುಳಿದ್ದರೆ ಅದೂ ಕಾಣುತ್ತದೆ, ಅದನ್ನು ತೆಗೆದುಬಿಡಿ. ಎರಡನೇ ಸಲ ಓದುವವರು ತಾವು ಕೇಳಿದ್ದಷ್ಟನ್ನೇ ನಿರೀಕ್ಷಿಸುತ್ತಾರೆ. ನಡುವೆ ಹೊಸ ಐಡಿಯಾ ಸೇರಿಸಿದರೆ ಅವರು ಮೊದಲಿನಿಂದ ಓದಬೇಕು.

ಪ್ಯಾಚನ್ನು ಇಮೇಲಿನಲ್ಲಿ ಕಳಿಸುವ ಪ್ರಾಜೆಕ್ಟ್ ಆದರೆ ಶೀರ್ಷಿಕೆಯಲ್ಲಿ 'ವಿ2' ಎಂದು ಹಾಕಿ. ಮೊದಲನೆಯದಕ್ಕೂ ಇದಕ್ಕೂ ಏನು ಬದಲಾವಣೆ ಎಂಬುದನ್ನು ಕಮಿಟ್ ಮೆಸೇಜಿನ ಕೆಳಗಿರುವ ಮೂರು ಅಡ್ಡಗೆರೆಗಳ ನಂತರ ಬರೆಯಿರಿ, ಅಲ್ಲಿ ಬರೆದದ್ದು ಇತಿಹಾಸದೊಳಕ್ಕೆ ಹೋಗುವುದಿಲ್ಲ. ಕಮಿಟ್ ಮೆಸೇಜ್ ಮಾತ್ರ ಈ ಹಿಂದುಮುಂದಿನ ಕಥೆ ಏನೂ ಗೊತ್ತಿಲ್ಲದವರಿಗಾಗಿ ಬರೆದದ್ದಾಗಿರಬೇಕು: ತೊಂದರೆ ಏನಿತ್ತು, ಬಳಸುವವರಿಗೆ ಅದು ಹೇಗೆ ಕಾಣುತ್ತಿತ್ತು, ಈ ದಾರಿಯನ್ನೇ ಯಾಕೆ ಹಿಡಿದಿರಿ. ಮೊದಲ ಸುತ್ತಿನಲ್ಲಿ ಯಾರಾದರೂ 'ರಿವ್ಯೂಡ್-ಬೈ' ಎಂದು ಹೆಸರು ಕೊಟ್ಟಿದ್ದು, ಆಮೇಲೆ ನೀವು ಆ ಪ್ಯಾಚನ್ನು ಗಣನೀಯವಾಗಿ ಬದಲಿಸಿದ್ದರೆ ಆ ಸಾಲನ್ನು ತೆಗೆದು, ತೆಗೆದದ್ದನ್ನೂ ತಿಳಿಸಿ. ಅವರು ಓದಿ ಒಪ್ಪಿದ್ದು ಬೇರೆ ಕೋಡನ್ನು.

ಕಳಿಸಿದ ಮೇಲೆ ಮರುದಿನವೇ 'ನೋಡಿದಿರಾ' ಎಂದು ಕೇಳಬೇಡಿ. ಕರ್ನಲ್‌ನ ದಾಖಲೆ ಕನಿಷ್ಠ ಒಂದು ವಾರವಾದರೂ ಕಾಯಲು ಹೇಳುತ್ತದೆ, ಬೇರೆ ಕಡೆಗೂ ಅದು ಒಳ್ಳೆಯ ಅಳತೆಯೇ. ವಾರ ಕಳೆದ ಮೇಲೆ ಒಂದು ಸೌಮ್ಯವಾದ ಜ್ಞಾಪನೆ ಕಳಿಸಲು ಸಂಕೋಚ ಬೇಡ, ಪ್ಯಾಚ್‌ಗಳು ನಿಜವಾಗಿಯೂ ಕಣ್ತಪ್ಪಿ ಹೋಗುತ್ತವೆ. ಆ ಒಂದು ವಾರದಲ್ಲಿ ಅದೇ ಪ್ರಾಜೆಕ್ಟಿಗೆ ಬಂದಿರುವ ಬೇರೆಯವರ ಪ್ಯಾಚ್ ಒಂದನ್ನು ಓದಿ. ನನಗೇನು ಅರ್ಹತೆ ಅಂದುಕೊಳ್ಳಬೇಡಿ. ಇಳಿಸಿಕೊಂಡು ಕಂಪೈಲ್ ಮಾಡಿ, ವಿಚಿತ್ರವಾದ ಇನ್‌ಪುಟ್ ಕೊಟ್ಟು ನೋಡಿ, 'ಇಂಥ ಸಿಸ್ಟಮ್‌ನಲ್ಲಿ ಹೀಗೆ ಪರೀಕ್ಷಿಸಿದೆ, ಹೀಗಾಯಿತು' ಎಂದು ಬರೆದರೂ ಮೇಂಟೇನರ್‌ಗೆ ಅದು ದೊಡ್ಡ ಸಹಾಯ. ಅರ್ಥವಾಗದ ಸಾಲಿಗೆ 'ಇದು ಯಾಕೆ ಬೇಕು' ಎಂದು ಕೇಳಿ. ರಿವ್ಯೂ ಮಾಡುವವರ ಕೊರತೆ ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಇದೆ.

ನಿಮ್ಮ ಸರಣಿಗೆ ಬಂದರೆ, ಬಗ್ ಸರಿಮಾಡುವ ಎರಡು ಸಾಲನ್ನು ಮೊದಲ ಪ್ಯಾಚ್ ಆಗಿಡಿ, ಹೆಸರು ಬದಲಿಸುವುದು ಎರಡನೆಯದಾಗಲಿ. ಹೆಸರಿನ ಬಗ್ಗೆ ಚರ್ಚೆ ಎಷ್ಟು ದಿನ ಎಳೆದರೂ ಮೊದಲನೆಯದನ್ನು ಅವರು ಹಾಗೇ ತೆಗೆದುಕೊಳ್ಳಬಹುದು, ಹಳೆಯ ಬಿಡುಗಡೆಗಳಿಗೂ ಸುಲಭವಾಗಿ ಒಯ್ಯಬಹುದು.