‘ಹ್ಯಾಲೋವೀನ್ ಎಂಡ್ಸ್’ ನಿರಾಸೆ ಮಾಡಿತು, ಈಗ ಯಾವುದನ್ನು ನೋಡಲಿ? – ಪ್ರತಿಕ್ರಿಯೆ

‘ಹ್ಯಾಲೋವೀನ್’ ಭಯಾನಕ ಚಿತ್ರಸರಣಿಯ ನಾಯಕಿ ಲೋರಿ ಮತ್ತು ಮುಖವಾಡದ ಕೊಲೆಗಾರ ಮೈಕಲ್ ಮೈಯರ್ಸ್ ಮುಖಾಮುಖಿ ಬೇಕಿತ್ತು, ‘ಎಂಡ್ಸ್’ ನಿರಾಸೆ ಮಾಡಿತು ಅಂದಿರಿ. 2018ರ ‘ಹ್ಯಾಲೋವೀನ್’ ನೋಡಿ ನೇರವಾಗಿ 2022ರ ‘ಎಂಡ್ಸ್’ಗೆ ಹಾರಿದ್ದೇ ಎಡವಟ್ಟಾಗಿರಬೇಕು. ನಡುವೆ 2021ರ ‘ಹ್ಯಾಲೋವೀನ್ ಕಿಲ್ಸ್’ ಇದೆ. ಲೋರಿಯ ಮಗಳು ಕ್ಯಾರನ್ ಏನಾದಳು ಎಂಬ ನಿಮ್ಮ ಪ್ರಶ್ನೆಗೆ ಅದರ ಕೊನೆಯಲ್ಲೇ ಉತ್ತರ. ಅದನ್ನು ನೋಡಿದರೂ ಬೇಸರ ಪೂರ್ತಿ ಹೋಗಲಿಕ್ಕಿಲ್ಲ: ‘ಎಂಡ್ಸ್’ ಬಹುಪಾಲು ಕೋರಿ ಎಂಬ ಹೊಸ ಹುಡುಗನ ಕಥೆ, ಮೈಕಲ್ ಮೈಯರ್ಸ್ ಅಲ್ಲಿ ಹೆಚ್ಚುಕಡಿಮೆ ಅತಿಥಿ.

‘ಲೋರಿ ಮೈಕಲ್‌ನ ತಂಗಿ ಅಲ್ವಾ?’ ಅಂದಿರಿ. ಆ ನಂಟು ಹುಟ್ಟಿದ್ದು 1981ರ ಎರಡನೇ ಭಾಗದಲ್ಲಿ. 2018ರ ಚಿತ್ರ 1978ರ ಮೂಲವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೈಬಿಟ್ಟಿದೆ, ಹಾಗಾಗಿ ಅದರಲ್ಲಿ ಅವರು ಅಣ್ಣತಂಗಿ ಅಲ್ಲ.

ಈಗ ಮೊದಲು 1978ರದ್ದನ್ನು ನೋಡಿ, 91 ನಿಮಿಷ. ಟಿವಿ ಆವೃತ್ತಿ ಬೇಡ. ಎರಡನೇ ಭಾಗದ ಚಿತ್ರೀಕರಣದ ಹೊತ್ತಿಗೆ ತೆಗೆದ ದೃಶ್ಯಗಳನ್ನು ಅದಕ್ಕೆ ತುರುಕಿ ತಂಗಿಯ ಸುಳಿವು ಮೊದಲೇ ಬಿಟ್ಟುಕೊಟ್ಟಿದ್ದಾರೆ. ಆಮೇಲೆ 1981ರದ್ದು, ಅದೇ ರಾತ್ರಿಯ ಮುಂದುವರಿಕೆ. ಅಲ್ಲಿಂದ ಸೀದಾ 1998ರ ‘ಎಚ್20’ಗೆ ಬನ್ನಿ. ಇದು ನಾಲ್ಕರಿಂದ ಆರರವರೆಗಿನ ಭಾಗಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಅವನ್ನು ಬಿಟ್ಟರೂ ಏನೂ ತಪ್ಪುವುದಿಲ್ಲ. ನಿಮಗೆ ಬೇಕಿದ್ದ ಲೋರಿ–ಮೈಕಲ್ ಮುಖಾಮುಖಿ ಇಲ್ಲಿ ಸಿಗುತ್ತದೆ.

ಅಲ್ಲಿಗೇ ನಿಲ್ಲಿಸಿ. 2002ರ ‘ರಿಸರೆಕ್ಷನ್’ ಆ ಅಂತ್ಯವನ್ನು ಶುರುವಿನಲ್ಲೇ ಕೆಡಿಸಿಬಿಡುತ್ತದೆ. 1982ರ ಮೂರನೇ ಭಾಗ ಮುಖವಾಡಗಳ ಬೇರೆಯದೇ ಕಥೆ, ಮೈಕಲ್‌ನನ್ನು ಹುಡುಕಿಕೊಂಡು ಅದಕ್ಕೆ ಹೋಗಬೇಡಿ.