ಆಸ್ಪತ್ರೆ ಬರಲಿ ಮಾಸ್ತರೇ, ಆದರೆ ಮಗುವಿನ ಫೈಲು ಯಾರ ಕೈಯಲ್ಲಿ?

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದ ಪತ್ರದ ಸಾರ ಹೀಗಿದೆ. ಹೆಸರು ಬೇಡವೆಂದು ಅವರೇ ಕೋರಿದ್ದಾರೆ.

"ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗಲೇ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯ ದೋಷ. ತಲೆಯಲ್ಲಿ ತುಂಬುವ ನೀರು ಇಳಿಯಲು ತಲೆಯಿಂದ ಹೊಟ್ಟೆಗೆ ಶಂಟ್ ಎಂಬ ಕೊಳವೆ ಹಾಕಿದ್ದಾರೆ, ಕಾಲಿಗೆ ಆಸರೆಯ ಕ್ಯಾಲಿಪರ್ ಇದೆ, ಮೂತ್ರ ತೆಗೆಯಲು ದಿನಕ್ಕೆ ಐದಾರು ಸಲ ಕ್ಯಾತಿಟರ್ ನಳಿಕೆ ಬೇಕು. ನರದ ಡಾಕ್ಟರು ಘಟ್ಟದ ಕೆಳಗಿನ ಊರಿನಲ್ಲಿ, ಮೂತ್ರಾಂಗದ ಡಾಕ್ಟರು ಘಟ್ಟದ ಮೇಲಿನ ಊರಿನಲ್ಲಿ. ಅಲ್ಲಿ ಮಾಡಿಸಿದ ಸ್ಕ್ಯಾನಿಂಗನ್ನೇ ಇಲ್ಲಿ ಮತ್ತೆ ಮಾಡಿಸಿದ್ದೇವೆ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಂದರೆ ಈ ಅಲೆದಾಟ ಮುಗಿಯುತ್ತದೆ. ಜನ ಇಷ್ಟು ವರ್ಷದಿಂದ ಕೇಳುತ್ತಿದ್ದರೂ ನಿಮ್ಮ ಪತ್ರಿಕೆ ಗಟ್ಟಿಯಾಗಿ ದನಿಗೂಡಿಸಿಲ್ಲವೇಕೆ? ನನ್ನ ಮಗಳು ನಾಲ್ವರು ಡಾಕ್ಟರುಗಳ ನಡುವೆ ಟಪಾಲು ಹೊರುವವಳಾಗಿದ್ದಾಳೆ."

ಮಾಸ್ತರೇ, ನಿಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಪಘಾತವಾದವರನ್ನೂ ಹೆರಿಗೆಯಲ್ಲಿ ಕಷ್ಟಕ್ಕೆ ಸಿಕ್ಕವರನ್ನೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುವ ದಾರಿಯಲ್ಲಿ ಏನಾಗುತ್ತದೆಂದು ನನಗೂ ಗೊತ್ತು. ಬೇಡಿಕೆ ನ್ಯಾಯವಾದದ್ದು, ಹೋರಾಟ ನಡೆಯಲಿ.

ಆದರೆ ನಿಮ್ಮ ಪತ್ರದ ಜೀವವಿರುವುದು ಕೊನೆಯ ವಾಕ್ಯದಲ್ಲಿ. ಎರಡು ಪುಟ ಕಟ್ಟಡಕ್ಕೆ ಕೊಟ್ಟು, ಮಗಳಿಗೆ ಒಂದೇ ಸಾಲು ಕೊಟ್ಟಿದ್ದೀರಿ. ನಲವತ್ತು ನಿಮಿಷದ ಪಾಠದಲ್ಲಿ ಮುಖ್ಯ ಮಾತನ್ನು ಗಂಟೆ ಹೊಡೆದ ಮೇಲೆ ಹೇಳುವ ಮಾಸ್ತರರು ನೀವಾಗಿರಲಿಲ್ಲ ಎಂದುಕೊಂಡಿದ್ದೇನೆ. ನಿಮ್ಮ ಮಗಳು ಹೊರುತ್ತಿರುವ ಟಪಾಲು ಸೂಪರ್ ಸ್ಪೆಷಾಲಿಟಿ ಬಂದ ಮರುದಿನವೂ ಅವಳ ಕೈಯಲ್ಲೇ ಇರುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಆಗ ಘಟ್ಟ ಹತ್ತಿ ಇಳಿಯುವುದರ ಬದಲು ಮೊದಲ ಮಹಡಿಯಿಂದ ಮೂರನೆಯ ಮಹಡಿಗೆ ಹತ್ತಿ ಇಳಿಯುತ್ತಾಳೆ, ಅಷ್ಟೆ.

ಬೆಂಗಳೂರನ್ನೇ ನೋಡಿ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಒಂದರ ಮಗ್ಗುಲಿಗೆ ಒಂದಿವೆ. ಜಯದೇವ ಅಲ್ಲಿಂದ ದೂರವೇನಿಲ್ಲ. ಆ ಸಂಸ್ಥೆಗಳ ವೈದ್ಯರ ಬಗ್ಗೆ ನನಗೆ ಗೌರವವಿದೆ, ರಾಜ್ಯದ ಎಷ್ಟೋ ಮಕ್ಕಳು ಬದುಕಿರುವುದು ಅವರಿಂದ. ನಾನು ಹೇಳುತ್ತಿರುವುದು ದೂರದ ಲೆಕ್ಕ ಮಾತ್ರ. ಆಸ್ಪತ್ರೆಗಳು ಕೂಗಳತೆಯಲ್ಲಿದ್ದರೂ ಒಂದು ಮಗುವಿನ ಬಗ್ಗೆ ನಾಲ್ವರು ವೈದ್ಯರು ಒಟ್ಟಿಗೆ ಮಾತಾಡಬೇಕಾದರೆ, ಮಾತಾಡಿಸುವುದನ್ನೇ ಕೆಲಸವಾಗಿ ಉಳ್ಳವರೊಬ್ಬರು ಬೇಕು. ಆ ಹುದ್ದೆ ಇಲ್ಲದ ಕಡೆ ಅದನ್ನು ಸಂಬಳವಿಲ್ಲದೆ ನಿಭಾಯಿಸುವವಳು ತಾಯಿ.

ನಿಮ್ಮ ಮೊಮ್ಮಗಳ ಕಾಯಿಲೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಬೆನ್ನುಹುರಿಯನ್ನು ಮುಚ್ಚಬೇಕಾದ ಭಾಗ ಗರ್ಭದ ಮೊದಲ ತಿಂಗಳಲ್ಲೇ ಸರಿಯಾಗಿ ಕೂಡಿಕೊಳ್ಳದೆ ಆಗುವ ಈ ದೋಷ ಕಾಲು, ಮೂತ್ರಕೋಶ, ಕರುಳು, ತಲೆ ಎಲ್ಲವನ್ನೂ ಮುಟ್ಟುತ್ತದೆ. ಜ್ವರ ಬಂದು ಮಗು ವಾಂತಿ ಮಾಡಿಕೊಂಡರೆ ಅದು ಮೂತ್ರದ ಸೋಂಕಿರಬಹುದು, ಶಂಟ್ ಕಟ್ಟಿಕೊಂಡಿದ್ದಿರಬಹುದು, ಬರೀ ಹೊಟ್ಟೆ ಕೆಟ್ಟಿದ್ದಿರಬಹುದು. ಮೊದಲನೆಯದಕ್ಕೆ ಒಬ್ಬ ವೈದ್ಯರು, ಎರಡನೆಯದಕ್ಕೆ ಇನ್ನೊಬ್ಬರು, ಅದೂ ತಡಮಾಡದೆ. ರಾತ್ರಿ ಹನ್ನೊಂದು ಗಂಟೆಗೆ ಯಾರಿಗೆ ಫೋನು ಮಾಡಬೇಕೆಂದು ತೀರ್ಮಾನಿಸುವುದು ಈಗ ನಿಮ್ಮ ಮಗಳ ಪಾಲಿಗೆ ಬಂದಿದೆ. ಇಂಥ ತೀರ್ಮಾನಕ್ಕೆ ನಮ್ಮಲ್ಲಿ ಎಂ.ಡಿ. ಮಾಡಿದವರೂ ಎರಡು ಸಲ ಯೋಚಿಸುತ್ತಾರೆ.

ನನಗೆ ಪರಿಚಯದ ಮನೆಯೊಂದರಲ್ಲಿ ಇದೇ ಕಾಯಿಲೆಯ ಹುಡುಗನಿದ್ದಾನೆ. ಅವರ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಅದರ ಲ್ಯಾಮಿನೇಷನ್ ಮಾಡಿಸಿದ ಇನ್ನೊಂದು ಪ್ರತಿ ಹುಡುಗನ ಶಾಲೆಯ ಚೀಲದಲ್ಲಿರುತ್ತದೆ. ಶಂಟ್ ಬಲಗಡೆಯದು, ಕೊನೆಯದಾಗಿ ಬದಲಿಸಿದ್ದು ಯಾವಾಗ, ಕ್ಯಾತಿಟರಿನ ಅಳತೆ ಎಷ್ಟು, ಮೂರ್ಛೆಯ ಔಷಧಿ ಎಷ್ಟು ಮಿಲಿ, ಈಚಿನ ತೂಕ, ಯಾವ ವೈದ್ಯರಿಗೆ ಯಾವ ವಿಷಯಕ್ಕೆ ಫೋನು. ಎಲ್ಲಕ್ಕಿಂತ ಮೇಲೆ ಕೆಂಪು ಶಾಯಿಯಲ್ಲಿ "ರಬ್ಬರ್ ಗ್ಲೌಸ್ ಬೇಡ" ಎಂದಿದೆ. ಪದೇ ಪದೇ ಆಪರೇಷನ್ ಆದ ಇಂಥ ಮಕ್ಕಳಲ್ಲಿ ಅನೇಕರಿಗೆ ಲೇಟೆಕ್ಸ್, ಅಂದರೆ ರಬ್ಬರಿನ ಅಲರ್ಜಿ ಬರುತ್ತದೆ. ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ಆ ಹಾಳೆ ಓದಿ, ಹಾಕಿಕೊಂಡಿದ್ದ ಗ್ಲೌಸನ್ನು ತೆಗೆದು ಬೇರೆ ತರಿಸಿದರಂತೆ. ಹಾಳೆ ಬರೆಸಿದ್ದು ದತ್ತಿ ಆಸ್ಪತ್ರೆಯೊಂದರ ನರ್ಸಮ್ಮ. ಅವರ ಹುದ್ದೆಯ ಕರ್ತವ್ಯಗಳಲ್ಲಿ ಅದು ಸೇರಿರಲಿಲ್ಲ. ಆಕೆ ನಿವೃತ್ತರಾದ ಮೇಲೆ ಆ ಕೆಲಸ ನಿಂತೇ ಹೋಯಿತು.

ಹೊರಗಿನವರು ಇದನ್ನು ಕಲಿತದ್ದೂ ಕಷ್ಟಪಟ್ಟೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1967ರಲ್ಲಿ 'ಮೆಡಿಕಲ್ ಹೋಮ್' ಎಂದು ಮೊದಲು ಹೇಳಿದಾಗ ಕೇಳಿದ್ದು ಇಷ್ಟೇ: ದೀರ್ಘ ಕಾಯಿಲೆಯ ಮಗುವಿನ ದಾಖಲೆಗಳು ಒಂದು ಕಡೆ ಇರಲಿ. ಅದೇ ದೇಶದ ಅಯೋವಾ ರಾಜ್ಯದಲ್ಲಿ ಕೇಟಿ ಬೆಕೆಟ್ ಎಂಬ ಮಗು ಮಿದುಳು ಜ್ವರದಿಂದ ವೆಂಟಿಲೇಟರಿಗೆ ಬಂದು, ಮನೆಗೆ ಹೋಗುವಷ್ಟು ಸುಧಾರಿಸಿದರೂ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಸರ್ಕಾರದ ಮೆಡಿಕೇಡ್ ಯೋಜನೆ ಆಸ್ಪತ್ರೆಯಲ್ಲಿದ್ದರೆ ಹಣ ಕೊಡುತ್ತಿತ್ತು, ಕಡಿಮೆ ಖರ್ಚಿನಲ್ಲಿ ಮನೆಯಲ್ಲಿ ನೋಡಿಕೊಂಡರೆ ಕೊಡುತ್ತಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಇದನ್ನು ಪ್ರಸ್ತಾಪಿಸಿದ ಮೇಲೆ ನಿಯಮ ಸಡಿಲವಾಯಿತು. ಕೇಟಿ ಮನೆಗೆ ಹೋದಳು, ಓದಿದಳು, 2012ರವರೆಗೆ ಬದುಕಿದ್ದಳು. ಅವಳ ತಾಯಿ ಜೂಲಿ ಮುಂದೆ ಇಂಥ ಕುಟುಂಬಗಳ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಅಷ್ಟು ದೂರ ಬೇಡವೆಂದರೆ ಪಕ್ಕದ ಕೇರಳವಿದೆ. 2008ರಲ್ಲೇ ಉಪಶಮನ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿ ರೂಪಿಸಿದ ಅವರು ನರ್ಸನ್ನು ಪಂಚಾಯತಿಯ ಮೂಲಕ ಮನೆಬಾಗಿಲಿಗೆ ಕಳಿಸಿದರು. ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ.

ನಮ್ಮಲ್ಲಿ ಕಾಗದದ ಮೇಲೆ ಏನೂ ಇಲ್ಲವೆನ್ನುವಂತಿಲ್ಲ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಸುಮಾರು 30 ತೊಂದರೆಗಳನ್ನು ಪತ್ತೆಹಚ್ಚಿ ಚಿಕಿತ್ಸೆಗೆ ಸೇರಿಸುವ ಯೋಜನೆ. ಆ ಪಟ್ಟಿಯಲ್ಲಿ ಮೊದಲನೆಯದೇ ನಿಮ್ಮ ಮೊಮ್ಮಗಳಿಗಿರುವ ಬಗೆಯ ನರನಾಳದ ದೋಷ. ಅದರಡಿ ಇಂಥ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಶುರುಮಾಡಲು ಜಿಲ್ಲೆಗೊಂದು ಡಿಇಐಸಿ ಕೇಂದ್ರ, ಅಲ್ಲಿ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಎಲ್ಲರನ್ನೂ ಜೋಡಿಸಲು ಒಬ್ಬ ಮ್ಯಾನೇಜರು ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ನಾವು ಹುಡುಕುತ್ತಿರುವ ಆ ಒಬ್ಬರು ಇವರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರು ಅದನ್ನು ಅರ್ಜಿ ಹಾಕಿ ಕೇಳಬಹುದಾದ ಕಲಮೂ ಇದೆ, 38ನೆಯದು. ಅದನ್ನು ಬಳಸಿ ಅರ್ಜಿ ಹಾಕಿದವರೊಬ್ಬರನ್ನೂ ನಾನು ಇನ್ನೂ ಭೇಟಿಯಾಗಿಲ್ಲ.

ಹಾಗಿದ್ದರೂ ನಮ್ಮ ಕೂಗು ಯಾವಾಗಲೂ ಕಟ್ಟಡಕ್ಕೇ ಏಕೆ? ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಟೆಂಡರಿದೆ, ಉದ್ಘಾಟನೆಯಿದೆ, ಹೆಸರು ಕೆತ್ತುವ ಕಲ್ಲಿದೆ. ನರ್ಸೊಬ್ಬರ ನೇಮಕಕ್ಕೆ ರಿಬ್ಬನ್ ಕತ್ತರಿಸಿದ ಶಾಸಕರನ್ನು ಯಾರು ಕಂಡಿದ್ದಾರೆ? ನಾವು ಪತ್ರಿಕೆಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹೊಸ ಸ್ಕ್ಯಾನಿಂಗ್ ಯಂತ್ರದ ಚಿತ್ರ ಮುಖಪುಟಕ್ಕೆ ಬರುತ್ತದೆ, ಅದನ್ನು ನಡೆಸುವವರಿಲ್ಲದೆ ಬೀಗ ಬಿದ್ದ ಸುದ್ದಿ ಒಳಪುಟದ ಮೂಲೆಗೆ ಹೋಗುತ್ತದೆ. ತಾಯಿಯ ದಿನಗಳ ಲೆಕ್ಕದಲ್ಲೂ ಇಂಥದೇ ತಾರತಮ್ಯ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ಅಡಕೆ ಸುಲಿಯಲು ಹೋಗುವ ತಾಯಿ ಮಗುವನ್ನು ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋದ ದಿನದ ಕೂಲಿ ಹೋಯಿತೆಂದೇ ಲೆಕ್ಕ, ಮತ್ತು ಆ ದಿನಗಳನ್ನು ನಾಲ್ಕು ವಿಭಾಗಗಳು ನಾಲ್ಕು ಬೇರೆ ವಾರಗಳಲ್ಲಿ ಗೊತ್ತುಮಾಡಿರುತ್ತವೆ.

ಇನ್ನೊಂದು ಮಾತು, ಬೇಸರಿಸಬೇಡಿ. ನಿಮ್ಮ ಪತ್ರದಲ್ಲಿ ಕ್ಯಾತಿಟರ್ ಹಾಕುವವರು ಯಾರೆಂದು ಬರೆದಿಲ್ಲ, ಆದರೆ ಊಹಿಸಬಲ್ಲೆ. ಅಜ್ಜ, ಅಜ್ಜಿ, ಅಪ್ಪ ಇರುವ ಮನೆಯಲ್ಲಿ ಅದು ಒಬ್ಬಳಿಗೇ ಬರುವ ವಿದ್ಯೆಯಾದರೆ ಅವಳು ಮೂರು ನಾಲ್ಕು ಗಂಟೆಗೂ ಮೀರಿ ಎಲ್ಲಿಗೂ ಹೋಗುವಂತಿಲ್ಲ. ತವರಿನ ಮದುವೆಗೂ ಇಲ್ಲ, ತನಗೇ ಜ್ವರ ಬಂದರೆ ಮಲಗುವಂತೆಯೂ ಇಲ್ಲ. ಅಜ್ಜಿಗೋ ಅತ್ತೆಗೋ ನರ್ಸಿನಿಂದ ಕಲಿಸಿಕೊಡಿ. ಒಂಬತ್ತು ವರ್ಷದ ಹುಡುಗಿ ಕ್ರಮೇಣ ತಾನೇ ಕಲಿಯಬಲ್ಲಳು, ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಶುಚಿಯಾದ ಶೌಚಾಲಯ ಒಂದಿದ್ದರೆ. ಮಾಸ್ತರರಾಗಿದ್ದವರು ಅಷ್ಟನ್ನು ಮುಖ್ಯೋಪಾಧ್ಯಾಯರಿಂದ ಮಾಡಿಸಿಕೊಳ್ಳಲಾರಿರಾ?

ಹೋರಾಟ ಸಮಿತಿಗೂ ಒಂದು ಕೆಲಸ ಹೇಳುತ್ತೇನೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ನಮ್ಮ ಜಿಲ್ಲೆಯ ಡಿಇಐಸಿಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಮ್ಯಾನೇಜರು ಇದ್ದಾರೆಯೇ, ಇದ್ದರೆ ಕಳೆದ ವರ್ಷ ಎಷ್ಟು ಮಕ್ಕಳ ಮನೆಯವರೊಂದಿಗೆ ಮಾತಾಡಿದ್ದಾರೆ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ಕಳಿಸಿಕೊಡಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ. ಅದರ ಪಕ್ಕದಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ನಿಮ್ಮ ಮನವಿಗೂ ಪೂರ್ತಿ ಒಂದು ಪುಟ ಕೊಡುತ್ತೇನೆ.

— ಸಂ.